ಒಂದನೇ ತೊಟ್ಟಿ

ಸೆಪ್ಟೆಂಬರ್ 15, ಸೋಮವಾರ

ಪ್ರಯೋಗ ಶುರುವಾಯಿತು. ಇವತ್ತಿನಿಂದ ಇಪ್ಪತ್ತೆಂಟು ದಿನ ನನಗೆ ಭಾನುವಾರವಿಲ್ಲ, ಹಬ್ಬವಿಲ್ಲ, ಜ್ವರ ಬರುವ ಹಕ್ಕೂ ಇಲ್ಲ. ಅಕ್ಟೋಬರ್ 13ಕ್ಕೆ ಮುಗಿಯುತ್ತದೆ.

ಆಂಧ್ರದ ಕಡಲ ಕಡೆಯಿಂದ ಹತ್ತು ದಿನದ ಹಿಂದೆ ಬಸ್ಸಿನಲ್ಲಿ ಬಂದ ಸಿಗಡಿ ಮರಿಗಳು ನಮ್ಮ ನೀರಿಗೆ ಒಗ್ಗಿಕೊಂಡಿವೆ. ಒಂದೊಂದೂ ಉಗುರಿಗಿಂತ ಸ್ವಲ್ಪ ಉದ್ದ. ಗಾಜಿನಂಥ ಮೈ, ತಿಂದದ್ದು ಒಳಗೆ ಇಳಿಯುವುದೂ ಕಾಣುತ್ತದೆ. ನಾಲ್ಕು ತೊಟ್ಟಿ, ತೊಟ್ಟಿಗೆ ಇಪ್ಪತ್ತು ಮರಿ. ಒಂದನೆಯದರಲ್ಲಿ ಶುದ್ಧ ನೀರು ಮಾತ್ರ. ಎರಡನೆಯದರಲ್ಲಿ ಕಾಲು ಭಾಗ, ಮೂರನೆಯದರಲ್ಲಿ ಅರ್ಧ ಭಾಗ, ನಾಲ್ಕನೆಯದರಲ್ಲಿ ಪೂರ್ತಿ, ಸಂಡೂರಿನ ಗುಡ್ಡದ ಕೆಳಗಿನ ಒಂದು ಕೆರೆಯ ನೀರು. ಆ ಕೆರೆಗೆ ಬಿಟ್ಟ ಸಿಗಡಿಗಳು ಎರಡು ವರ್ಷದಿಂದ ಸಾಯುತ್ತಿವೆ ಎಂದು ಅಲ್ಲಿನ ಮೀನುಗಾರರ ಸಂಘ ದೂರು ಕೊಟ್ಟಿದೆ. ಮಳೆ ಬಂದಾಗ ಮೇಲಿನ ಗಣಿಯಿಂದ ಹರಿದು ಬರುವ ಮ್ಯಾಂಗನೀಸ್ ಮಣ್ಣೇ ಕಾರಣ ಅಂತ ಅವರು, ಅಲ್ಲ ಅಂತ ಗಣಿ ಕಂಪನಿ. ಯಾರದು ನಿಜ ಎಂದು ಹೇಳಬೇಕಾದವಳು ವೆಂಕೋಬ ಸರ್ ಅವರ ಪ್ರಯೋಗಾಲಯದ ಏಕೈಕ ವಿಜ್ಞಾನಿ, ಅಂದರೆ ನಾನು. ಕನ್ನಡಿ ಮುಂದೆ ನಿಂತು "ವಿಜ್ಞಾನಿ ಮಾಧವಿ" ಅಂದುಕೊಂಡೆ, ನಗು ಬಂತು.

ಎಲ್ಲವೂ ಒಂದನೇ ತೊಟ್ಟಿಯ ಮೇಲೆ ನಿಂತಿದೆ. ಅಲ್ಲಿ ಬದುಕಿ ನಾಲ್ಕರಲ್ಲಿ ಸತ್ತರೆ ತಪ್ಪು ಕೆರೆ ನೀರಿನದು. ಎರಡೂ ಕಡೆ ಸತ್ತರೆ ಯಾರ ತಪ್ಪೂ ಅಲ್ಲ.

ದಿನವೂ ಎಣಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ಪ್ರತಿ ಪುಟಕ್ಕೂ ಸಂಖ್ಯೆಯಿದೆ, ಮೀನುಗಾರಿಕೆ ಇಲಾಖೆಯ ಅಧಿಕಾರಿಯ ಸೀಲಿದೆ. ಹಾಳೆ ಹರಿಯುವಂತಿಲ್ಲ. ತಪ್ಪು ಬರೆದರೆ ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಖು ಹಾಕಬೇಕು. ಈ ಡೈರಿಗೆ ಆ ಕಾಟವಿಲ್ಲ. ಇಲ್ಲಿ ನನ್ನಿಷ್ಟ.

ಸೆಪ್ಟೆಂಬರ್ 19, ಶುಕ್ರವಾರ

ಒಂದೂ ಸತ್ತಿಲ್ಲ. ಎಣಿಸಿ ಎಣಿಸಿ ಕಣ್ಣು ಮಂಜಾಗಿದೆ.

ಮನೆಗೆ ಬಂದರೆ ಹಿತ್ತಲ ಬಾಗಿಲು. ಅಲ್ಲೇ ಸ್ನಾನ, ಅಲ್ಲೇ ಬಟ್ಟೆ ನೆನೆಸುವುದು, ಆಮೇಲೆ ಒಳಗೆ ಪ್ರವೇಶ. ಅಮ್ಮ ಬಾಗಿಲಲ್ಲೇ ನಿಂತು ಮೂಗಿಗೆ ಸೆರಗು ಹಿಡಿದು ಸ್ವಾಗತ ಕೋರುತ್ತಾಳೆ. "ಮೊದಲ ಸ್ನಾನ ಮಾಡು, ಆಮ್ಯಾಲೆ ಮಾತಾಡು." ಅಪ್ಪ ಹಂಪಿಯ ಕಡೆ ಒಂದು ಸಣ್ಣ ಗುಡಿಯಲ್ಲಿ ಅರ್ಚಕರು. ಮಗಳು ದಿನಾ ಸಿಗಡಿ ಮುಟ್ಟುತ್ತಾಳೆ ಎಂಬುದನ್ನು ಅವರು ಭಕ್ತರಿಗೆ ಹೇಳುವುದಿಲ್ಲ. "ನೀರು ಪರೀಕ್ಷೆ ಮಾಡತಾಳ" ಅನ್ನುತ್ತಾರೆ. ಸುಳ್ಳೇನಲ್ಲ.

ನಾನೂ ಕೈಗೆ ಎರಡೆರಡು ಗ್ಲೌಸ್ ಹಾಕಿಕೊಂಡೇ ಮುಟ್ಟುವುದು. ನಿಯಮಕ್ಕೆ ಒಂದು, ಅಮ್ಮನಿಗೆ ಒಂದು.

ಈ ಕೆಲಸ ಕೊಡಿಸಿದ್ದೇ ಅಪ್ಪ. ವೆಂಕೋಬ ಸರ್ ನಮ್ಮವರು, ಮಠದಲ್ಲಿ ಪರಿಚಯ. ಸೇರುವಾಗ ಎರಡು ವರ್ಷ ಬಿಟ್ಟು ಹೋಗುವುದಿಲ್ಲ ಎಂದು ಬರೆಸಿಕೊಂಡು ನನ್ನ ಮಾರ್ಕ್ಸ್ ಕಾರ್ಡುಗಳ ಮೂಲ ಪ್ರತಿಗಳನ್ನೆಲ್ಲ ತಮ್ಮ ಬೀರುವಿನಲ್ಲಿ ಇಟ್ಟುಕೊಂಡರು. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಬಿ.ಎಡ್.ವರೆಗೆ. "ನಮ್ಮವರ ಹತ್ರ ಇದ್ರ ನಮ್ಮನ್ಯಾಗ ಇದ್ದಂಗ" ಅಂದರು ಅಪ್ಪ. ಹದಿನಾಲ್ಕು ತಿಂಗಳಾಯಿತು. ಆ ಬೀರುವಿನ ಮುಂದೆ ಹಾದು ಹೋಗುವಾಗಲೆಲ್ಲ ಒಳಗೆ ನಾನೇ ಮಡಚಿಕೊಂಡು ಕೂತ ಹಾಗೆ ಅನ್ನಿಸುತ್ತದೆ.

ಸೆಪ್ಟೆಂಬರ್ 24, ಬುಧವಾರ

ನಾಲ್ಕನೇ ತೊಟ್ಟಿಯಲ್ಲಿ ಮೊದಲ ಸಾವು.

ಬೆಳೆಯಬೇಕಾದರೆ ಸಿಗಡಿ ಪೊರೆ ಬಿಡಬೇಕು. ಬೆನ್ನಿನ ಹತ್ತಿರ ಹಳೆಯ ಚಿಪ್ಪು ಬಿರಿಯುತ್ತದೆ, ಅದು ಹಿಂದಕ್ಕೆ ಬಾಗಿ ಒಂದೇ ಜಿಗಿತಕ್ಕೆ ಹೊರಗೆ ಬರುತ್ತದೆ. ನಂತರ ಒಂದು ದಿನ ಮೈ ಮೆತ್ತಗೆ, ಆಗ ಬೇರೆಯವು ಕಂಡರೆ ತಿಂದೇ ಬಿಡುತ್ತವೆ. ಅದಕ್ಕೇ ಅಡಗಿಕೊಳ್ಳಲಿ ಅಂತ ಪೈಪಿನ ತುಂಡು ಹಾಕಿರುತ್ತೇನೆ. ಇವತ್ತು ಸತ್ತದ್ದು ಅರ್ಧ ಹೊರಗೆ ಬಂದಿತ್ತು. ತಲೆ ಹೊಸದು, ಬಾಲ ಹಳೆಯ ಚಿಪ್ಪಿನಲ್ಲಿ. ಕಿವಿರು ಕಂದು ಬಣ್ಣಕ್ಕೆ ತಿರುಗಿತ್ತು. ಚಿಮಟದಲ್ಲಿ ಎತ್ತುವಾಗ ಕಾಲು ಇನ್ನೂ ಅಲುಗಿತು.

ರೇಣುಕಮ್ಮ ಪಕ್ಕದಲ್ಲೇ ನೆಲ ಒರೆಸುತ್ತಿದ್ದಳು. ನಮ್ಮಲ್ಲಿ ಕಸ, ನೀರು, ಪಾತ್ರೆ ಎಲ್ಲ ಅವಳದೇ. ಅವಳ ತವರು ಆ ಕೆರೆಯ ದಂಡೆಯ ಊರು, ಅವಳ ತಮ್ಮ ದುರುಗಣ್ಣ ದೂರು ಕೊಟ್ಟ ಸಂಘದ ಕಾರ್ಯದರ್ಶಿ. ಇದು ಸರ್‌ಗೆ ಗೊತ್ತಿಲ್ಲ. ನನಗೂ ಹೋದ ತಿಂಗಳು ಗೊತ್ತಾದದ್ದು.

"ಹಿಂಗs ಸಾಯ್ತಾವ್ರಿ ಮೇಡಮ್ಮಾರ" ಅಂದಳು. "ನಮ್ಮ ದುರುಗ ಹೇಳ್ತಾನ, ಅಂಗಿ ಬಿಚ್ಚಾಕ ಹೋಗಿ ತೋಳ್ನ್ಯಾಗ ಸಿಕ್ಕೊಂಡಂಗ ಸಾಯ್ತಾವ ಅಂತ. ನೀವು ಬರೀರಿ ಇದನ್ನ."

"ಬರೆದೆ" ಅಂದೆ.

"ಸರಿಯಾಗಿ ಬರದ್ರ್ಯಾ?"

ಸಿಟ್ಟು ಬಂತು. ನನ್ನ ರಿಜಿಸ್ಟರ್ ನೋಡಿ ಹೇಳುವಷ್ಟು ದೊಡ್ಡವಳಾದಳೇ ಅಂದುಕೊಂಡೆ. ಅವಳಿಗೆ ಓದಲು ಬರುವುದಿಲ್ಲ ಎಂದು ಆಮೇಲೆ ನೆನಪಾಯಿತು.

ಸೆಪ್ಟೆಂಬರ್ 27, ಶನಿವಾರ

ಬಂತು! ಹೈಸ್ಕೂಲ್ ವಿಜ್ಞಾನ ಶಿಕ್ಷಕಿ ಹುದ್ದೆಯ ಪಟ್ಟಿಯಲ್ಲಿ ನನ್ನ ಹೆಸರಿದೆ. ಅಕ್ಟೋಬರ್ 17, ಬೆಳಿಗ್ಗೆ ಹತ್ತು ಗಂಟೆ, ಬಳ್ಳಾರಿಯಲ್ಲಿ ದಾಖಲೆ ಪರಿಶೀಲನೆ. ಮೂಲ ಪ್ರತಿಗಳನ್ನು ತರತಕ್ಕದ್ದು, ತಪ್ಪಿದಲ್ಲಿ ಅವಕಾಶ ರದ್ದು. ನಾಲ್ಕನೇ ಸಲದ ಪ್ರಯತ್ನ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ. ಇದು ಕೊನೆಯದು.

ಸರ್ ಹತ್ತಿರ ಓಡಿದೆ. ನಕ್ಕರು. ಅವರ ನಗು ಯಾವಾಗಲೂ ಚೆನ್ನಾಗಿರುತ್ತದೆ. "ಭಾಳ ಖುಷಿ ಆತವಾ. ನೀ ನನ್ನ ಮಗಳಿದ್ದಂಗ. ನಾ ಯಾಕ ಅಡ್ಡ ಬರಲಿ? ಹದಿಮೂರಕ್ಕ ಪ್ರಯೋಗ ಮುಗಸು, ವರದಿಗೆ ಸಹಿ ಹಾಕು, ಹದಿನಾರಕ್ಕ ನಿನ್ನ ಕಾಗದ ಎಲ್ಲಾ ತಗೊಂಡು ಹೋಗು."

"ಈಗಲೇ ಕೊಟ್ಟರೆ..."

"ಈಗ ಕೊಟ್ರ ನೀ ನಾಳೆ ಬರಂಗಿಲ್ಲ" ಅಂದರು. ಅದಕ್ಕೂ ನಕ್ಕರು.

ಹದಿನಾರು ದಿನ. ಕಣ್ಣು ಮುಚ್ಚಿ ಕಳೆಯಬಹುದು. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಸ್ನಾನಕ್ಕೂ ಮೊದಲು ನನ್ನ ಕೈ ಹಿಡಿದಳು. ಆಮೇಲೆ ನೆನಪಾಗಿ ಅವಳೂ ಸ್ನಾನ ಮಾಡಿದಳು.

ಸೆಪ್ಟೆಂಬರ್ 30, ಮಂಗಳವಾರ

ನಾಲ್ಕನೆಯದರಲ್ಲಿ ಈವರೆಗೆ ಆರು. ಮೂರರಲ್ಲಿ ಎರಡು. ಒಂದನೆಯದರಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಲಕಲಕ ಈಜುತ್ತಿವೆ. ಫಲಿತಾಂಶ ಕನ್ನಡಿಯಷ್ಟು ಸ್ಪಷ್ಟ. ಸರ್ ದಿನಾ ಬಂದು ನಾಲ್ಕನೇ ತೊಟ್ಟಿ ಮುಂದೆ ನಿಂತು ಕತ್ತು ಕೆರೆದುಕೊಂಡು ಹೋಗುತ್ತಾರೆ. ಪ್ರಯೋಗದ ಖರ್ಚು ಕೊಡುತ್ತಿರುವುದು ಗಣಿ ಕಂಪನಿ.

ನಾಳೆ ಆಯುಧಪೂಜೆ. ಅಮ್ಮ ಮೊನ್ನೆಯಿಂದಲೇ ದೇವರ ಮುಂದೆ ತುಂಬಿಸಿಟ್ಟಿದ್ದ ತಾಮ್ರದ ತಂಬಿಗೆ ಕೊಟ್ಟಳು. "ಅಲ್ಲಿ ಪೂಜಾಕ್ಕ ಬೇಕಲ್ಲ. ಮತ್ತ ಒಂದು ಮಾತು, ಪಾಪದ ಕೆಲಸ ಅಂತ ನಾ ಅನ್ನಂಗಿಲ್ಲ. ಆದ್ರ ಸಾಯೋ ಜೀವ ಅವು. ತೊಟ್ಟಿಗೊಂದು ಉದ್ಧರಣಿ ತೀರ್ಥ ಹಾಕಿದ್ರ ಏನು ಗಂಟು ಹೋಗ್ತದ?"

ಆಗಲಿ ಅಂದೆ. ಹಾಕುವುದಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಅಳೆದು ಬೆರೆಸಿದ ನೀರಿಗೆ ತೀರ್ಥ ಹಾಕಲು ನಾನೇನು ಅಷ್ಟು ದಡ್ಡಿಯೇ?

ಅಕ್ಟೋಬರ್ 1, ಬುಧವಾರ

ಪೂಜೆ ಆಯಿತು. ಸರ್ ಕುಂಬಳಕಾಯಿ ಒಡೆದರು. ಸೂಕ್ಷ್ಮದರ್ಶಕಕ್ಕೆ, ತಕ್ಕಡಿಗೆ, ಪಂಪಿಗೆ ಎಲ್ಲಕ್ಕೂ ಅರಿಶಿನ ಕುಂಕುಮ. ರೇಣುಕಮ್ಮ ತನ್ನ ಪೊರಕೆಗೂ ಇಟ್ಟಳು. ಉಳಿದ ತೀರ್ಥ ಒಂದನೇ ತೊಟ್ಟಿಗೆ ಹೋಯಿತು. ಕೋಸಂಬರಿ ಚೆನ್ನಾಗಿತ್ತು.

ಅಕ್ಟೋಬರ್ 3, ಶುಕ್ರವಾರ

ಒಂದನೇ ತೊಟ್ಟಿಯಲ್ಲಿ ನಿನ್ನೆ ನಾಲ್ಕು ಸತ್ತಿದ್ದವು. ಇವತ್ತು ಐದು. ಉಳಿದವು ಒಂದೇ ಮೂಲೆಗೆ ಮಗುಚಿಕೊಂಡು ಕಾಲು ಬಡಿಯುತ್ತಿವೆ.

ಪಂಪ್ ನೋಡಿದೆ, ನೀರಿನ ಬಿಸಿ ನೋಡಿದೆ, ಸರಿ ಇದೆ. ಆಮೇಲೆ ಕಪಾಟಿನ ಮೇಲಿದ್ದ ತಂಬಿಗೆ ಕಣ್ಣಿಗೆ ಬಿತ್ತು. ಕೈಗೆ ತೆಗೆದುಕೊಂಡು ಒಳಗೆ ನೋಡಿದೆ. ಕಂಠದ ಒಳಸುತ್ತು ಹಸಿರು ಕಿಲುಬು. ಅಮ್ಮ ಹೊರಗೆಲ್ಲ ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜುತ್ತಾಳೆ. ಒಳಗೆ ಅವಳ ಕೈ ಹೋಗುವುದಿಲ್ಲ, ಹುಣಸೆಹುಳಿ ಹೋಗುತ್ತದೆ. ಕಿಲುಬು, ಹುಳಿ, ಮೂರು ದಿನದ ನೀರು. ಮನುಷ್ಯರು ಒಂದು ಉದ್ಧರಣೆ ಕುಡಿದರೆ ಏನೂ ಆಗದು. ಸಿಗಡಿಗೆ ತಾಮ್ರದಂಥ ವಿಷ ಇನ್ನೊಂದಿಲ್ಲ. ಎಂ.ಎಸ್ಸಿ. ಎರಡನೇ ವರ್ಷದ ಮೊದಲ ಪಾಠ. ಅವುಗಳ ರಕ್ತದಲ್ಲೇ ತಾಮ್ರವಿದೆ, ಅದಕ್ಕೇ ಅದು ನೀಲಿ. ಆ ಚೂರು ಸಾಕು ಅವಕ್ಕೆ, ಹೊರಗಿನಿಂದ ಇನ್ನೊಂದು ಚೂರು ಬಿದ್ದರೆ ಕಿವಿರು ಸುಟ್ಟು ಉಸಿರು ಕಟ್ಟುತ್ತದೆ.

ರೇಣುಕಮ್ಮನ ಕೆಲಸ. ಓದು ಬರಹ ಇಲ್ಲದವರನ್ನು ತೊಟ್ಟಿ ಹತ್ತಿರ ಬಿಡಬಾರದಿತ್ತು. ತಂಬಿಗೆ ಹಿಡಿದುಕೊಂಡು ನಿಂತಿದ್ದವಳು ಅವಳೇ.

ಅಕ್ಟೋಬರ್ 4, ಶನಿವಾರ

ಸರ್ ಬಂದರು. ಒಂದನೇ ತೊಟ್ಟಿ ನೋಡಿ ಬಗ್ಗಿದರು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ಹದಿನಾಲ್ಕು ತಿಂಗಳಲ್ಲಿ ಅವರ ಮುಖದಲ್ಲಿ ಅಂಥ ಬೆಳಕು ನೋಡಿರಲಿಲ್ಲ.

"ಇಲ್ಲೂ ಸಾಯಾಕತ್ತಾವ?"

"ಹೌದು ಸರ್."

"ಯಾಕ?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅಂತನs ಬರಿ. ಮರಿಗಳೇ ಸೊರಗಿದ್ವು. ಕೆರೆ ನೀರಿಗೂ ಸತ್ವು, ಒಳ್ಳೆ ನೀರಿಗೂ ಸತ್ವು. ಮುಗೀತು."

ನಿಯಮದಂತೆ ಒಂದನೇ ತೊಟ್ಟಿಯಲ್ಲಿ ಇಷ್ಟು ಸತ್ತರೆ ಪ್ರಯೋಗವೇ ರದ್ದಾಗಬೇಕು ಅಂದೆ. "ಕೊನೀ ಪುಟ ಬಿಟ್ಟು ಯಾರೂ ಏನೂ ಓದಂಗಿಲ್ಲ ಮಾಧವಿ" ಅಂದರು.

ಅಕ್ಟೋಬರ್ 5, ಭಾನುವಾರ

ಒಂದನೇ ತೊಟ್ಟಿಯಲ್ಲಿ ಒಟ್ಟು ಹನ್ನೊಂದು.

ಅಕ್ಟೋಬರ್ 7, ಮಂಗಳವಾರ

ತಡೆಯಲಾಗಲಿಲ್ಲ, ಸರ್‌ಗೆ ಹೇಳಿದೆ. ತಾಮ್ರದ ತಂಬಿಗೆ, ಕಿಲುಬು, ತೀರ್ಥ. ಅವರು ಬಾಗಿಲು ಮುಂದೆ ಮಾಡಿದರು.

"ಯಾರು ಹಾಕಿದ್ರು? ರೇಣುಕಮ್ಮ?"

ಹೌದೆನ್ನುವಂತೆ ತಲೆ ಅಲ್ಲಾಡಿಸಿದೆನೇ? ಅಲ್ಲಾಡಿಸಿರಬೇಕು. ಅವರು ಹಾಗೆ ತಿಳಿದುಕೊಂಡರು.

"ಬಾಯಿ ಬಿಡಬ್ಯಾಡ. ರಿಜಿಸ್ಟರ್‌ನ್ಯಾಗ ಇದು ಬಂತಂದ್ರ ಮತ್ತ ಹೊಸಾ ಮರಿ ತರಿಸಿ ಮೊದಲಿಂದ ಇಪ್ಪತ್ತೆಂಟು ದಿನ. ನಿನ್ನ ಬಳ್ಳಾರಿ ಕತಿ ಏನು ಆಗ್ತದ ನೋಡ್ಕೋ. ಆಕಿನ್ನ ನಾ ದೀಪಾವಳಿ ಮುಂದ ಬಿಡಿಸಿಬಿಡ್ತೀನಿ, ನಿನಗೇನೂ ಚಿಂತಿ ಬ್ಯಾಡ."

ನನಗಾಗಿ ಬಿಡಿಸುತ್ತಾರಂತೆ. ಎಷ್ಟು ಅಕ್ಕರೆ.

ಹೊರಗೆ ಬಂದಾಗ ರೇಣುಕಮ್ಮ ಚಹಾ ತಂದಿಟ್ಟಳು. ನನ್ನ ಮುಖ ನೋಡಿ ಸಕ್ಕರೆ ಹೆಚ್ಚು ಹಾಕಿದ್ದೀನಿ ಅಂದಳು. ಕುಡಿಯಲಾಗಲಿಲ್ಲ, ಬೇಸಿನ್ನಿಗೆ ಸುರಿದೆ. ಚಹಾ ಸುರಿಯಬಹುದು. ಚಹಾಕ್ಕೆ ಅಂಥ ನಿಯಮವಿಲ್ಲ.

ಅಕ್ಟೋಬರ್ 9, ಗುರುವಾರ

ನೀರು ಬದಲಿಸಲು ಕೆರೆ ನೀರು ಮುಗಿಯುತ್ತ ಬಂದಿತ್ತು. ಕ್ಯಾನುಗಳನ್ನು ಜೀಪಿಗೆ ಹಾಕಿಕೊಂಡು ಸಂಡೂರಿನ ಕಡೆ ಹೊರಟೆ. ರೇಣುಕಮ್ಮನೂ ಬಂದಳು. ದಾರಿಯುದ್ದಕ್ಕೂ ಅದಿರಿನ ಲಾರಿಗಳು, ಗಿಡಗಳ ಎಲೆಯೆಲ್ಲ ಕೆಂಪು. ಕೆರೆ ಮಾತ್ರ ಹೊರಗಿನಿಂದ ನೋಡಿದರೆ ಚಂದ. ದಂಡೆಯಲ್ಲಿ ಕಪ್ಪು ಕೆಸರು ಪಾದ ಮುಚ್ಚುವಷ್ಟಿದೆ.

ದುರುಗಣ್ಣ ಕಾಯುತ್ತಿದ್ದ. ನಾನು ಊಹಿಸಿದಂತೆ ಜಗಳಗಂಟ ಅಲ್ಲ. ನಲವತ್ತರ ಮನುಷ್ಯ, ಕಡಿಮೆ ಮಾತು. ತೆಪ್ಪದಲ್ಲಿ ಕೂರಿಸಿಕೊಂಡು ನಡುನೀರಿಗೆ ಕರೆದುಕೊಂಡು ಹೋದ. ಬಲೆ ಎತ್ತಿದ. ಮೂರು ಸಿಗಡಿ ಬಂದವು, ಅದರಲ್ಲಿ ಒಂದರ ಹೊಟ್ಟೆ ಕೆಳಗೆ ತುಂಬಾ ಮೊಟ್ಟೆ.

"ಇದು ಇಲ್ಲಿ ಮರಿ ಮಾಡೂದಿಲ್ಲಲ್ರಿ" ಅಂದ.

ಇಲ್ಲ ಅಂದೆ. ಈ ಜಾತಿಯ ಮರಿಗಳು ಕಡಲಂಚಿನ ಉಪ್ಪುನೀರಿನಲ್ಲೇ ಬದುಕುವುದು. ತಾಯಿ ಸಿಗಡಿ ಹೊಳೆ ಹಿಡಿದು ಕಡಲಿನ ತನಕ ಇಳಿಯಬೇಕು. ಇದು ಕೆರೆ, ಕೆಳಗೆ ನಾಲ್ಕು ಒಡ್ಡು, ಒಂದು ಅಣೆಕಟ್ಟು. ಮೊಟ್ಟೆ ಒಡೆದು ಮರಿ ಬಂದರೂ ವಾರ ಬದುಕುವುದಿಲ್ಲ.

"ಗೊತ್ತೈತ್ರಿ ನನಗ. ಆದ್ರೂ ಆಕಿಗೆ ಗೊತ್ತಿಲ್ಲಲ್ಲ" ಅಂದು ಅದನ್ನು ಮೆಲ್ಲಗೆ ನೀರಿಗೆ ಬಿಟ್ಟ. "ವರ್ಷಾ ಮರಿ ತಂದು ಬಿಡ್ತೀವಿ, ಮೂವತ್ತು ಮನಿ ಇದರ ಮ್ಯಾಲ ಅದಾವ. ನಮ್ಮಕ್ಕ ಹೇಳ್ಯಾಳ, ಮೇಡಮ್ಮಾರು ಇದ್ದದ್ದು ಇದ್ದಂಗ ಬರೀತಾರ ಅಂತ. ಅದಕ್ಕ ನಾವು ಸುಮ್ನ ಕುಂತೀವಿ. ಇಲ್ಲಂದ್ರ ರಸ್ತೆ ಬಂದ್ ಮಾಡೋರಿದ್ವಿ."

ತೆಪ್ಪದಿಂದ ಹಾರಿ ಈಜಿ ಓಡಿ ಹೋಗೋಣ ಅನ್ನಿಸಿತು. ನನಗೆ ಈಜು ಬರುವುದಿಲ್ಲ.

ಜೀಪಿನಲ್ಲಿ ಬರುವಾಗ ರೇಣುಕಮ್ಮ ನಿದ್ದೆ ಹೋದಳು. ತಲೆ ನನ್ನ ಭುಜಕ್ಕೆ ತಾಗುತ್ತಿತ್ತು. ಸರಿಸಲಿಲ್ಲ. ಮನೆಗೆ ಬಂದಾಗ ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಸುಸ್ತಾಗಿತ್ತು, ಮುಂಬಾಗಿಲಿನಿಂದ ಒಳಗೆ ಹೋಗಿ ಕೈತೊಳೆದು ಉಂಡೆ.

ಅಕ್ಟೋಬರ್ 11, ಶನಿವಾರ

ವರದಿಯ ಕರಡು ಸರ್ ತಾವೇ ಬರೆದುಕೊಂಡು ಬಂದಿದ್ದಾರೆ. ಒಂದನೇ ತೊಟ್ಟಿಗೂ ನಾಲ್ಕನೇ ತೊಟ್ಟಿಗೂ ಗಮನಾರ್ಹ ವ್ಯತ್ಯಾಸವಿಲ್ಲ, ಕೆರೆಯ ನೀರು ಸಾವಿಗೆ ಕಾರಣವೆಂದು ಹೇಳಲು ಆಧಾರವಿಲ್ಲ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಪಕ್ಕದಲ್ಲೇ ಬೀರುವಿನ ಬೀಗದಕೈ ಇಟ್ಟಿದ್ದರು. ಬೇಕೆಂದೇ ಇಟ್ಟದ್ದು.

ತಂಬಿಗೆಯ ವಿಷಯ ರಿಜಿಸ್ಟರಿನಲ್ಲಿ ಬರೆದರೆ ಬಳ್ಳಾರಿ ಹೋಯಿತು. ಬರೆಯದಿದ್ದರೆ ಕೆರೆ ಹೋಯಿತು, ರೇಣುಕಮ್ಮ ಹೋದಳು. ಯಾವ ಕಡೆ ತಿರುಗಿದರೂ ಗಾಜು. ಅಪ್ಪನ ಹತ್ತಿರ ಅರ್ಧ ಹೇಳಿದೆ. "ವೆಂಕೋಬರಾಯರ ಮಾತು ಮೀರಬ್ಯಾಡ, ನಮ್ಮವರು" ಅಂದರು. ಇನ್ನರ್ಧ ಹೇಳಲಿಲ್ಲ. ಇನ್ನರ್ಧವನ್ನು ಇಲ್ಲೂ ಬರೆದಿಲ್ಲ.

ಬರೆಯುತ್ತೇನೆ.

ಆಯುಧಪೂಜೆ ದಿನ ರೇಣುಕಮ್ಮ ತಂಬಿಗೆ ಹಿಡಿದು ಬೇಸಿನ್ ಹತ್ತಿರ ನಿಂತಿದ್ದಳು. "ಇದನ್ನ ಎಲ್ಲಿ ಚೆಲ್ಲಲ್ರಿ?" ಅಂತ ಕೇಳಿದಳು. ತೀರ್ಥವನ್ನು ಚರಂಡಿಗೆ ಬಿಡುವುದುಂಟೇ! ನನ್ನ ಕೈ ತಾನಾಗಿ ಮುಂದೆ ಹೋಯಿತು. ಹುಟ್ಟಿದಾಗಿನಿಂದ ಕಲಿತದ್ದು. ಕುಡಿಯಬೇಕು ಇಲ್ಲ ಗಿಡಕ್ಕೆ ಹಾಕಬೇಕು, ಕಾಲು ತುಳಿಯುವ ಕಡೆ ಬೀಳಬಾರದು. ಅಲ್ಲಿ ಗಿಡವಿರಲಿಲ್ಲ. ಒಂದನೇ ತೊಟ್ಟಿಯಲ್ಲಿ ನೀರು ಎರಡು ಬೆರಳು ಇಳಿದಿತ್ತು. ಹೇಗೂ ತುಂಬಿಸಬೇಕು, ಅದು ಬರೀ ಒಳ್ಳೆಯ ನೀರು, ಅದಕ್ಕೇನಾಗುತ್ತದೆ ಅಂದುಕೊಂಡು ಅವಳ ಕೈಯಿಂದ ಇಸಕೊಂಡು ಪೂರ್ತಿ ತಂಬಿಗೆ ಸುರಿದವಳು ನಾನು. ಅವಳು "ಬ್ಯಾಡ್ರಿ, ಹೊರಗಿನ ಬೇವಿನ ಗಿಡಕ್ಕ ಹಾಕಿ ಬರ್ತೀನಿ" ಅಂತ ಕೂಡ ಅಂದಳು. ಸೆಖೆ ಇದೆ, ಅಷ್ಟು ದೂರ ಯಾಕೆ ಹೋಗುತ್ತೀ ಅಂದೆ.

ಅಮ್ಮ ತೊಟ್ಟಿಗೊಂದು ಉದ್ಧರಣೆ ಹಾಕು ಅಂದಾಗ ನಾನು ದಡ್ಡಿಯೇ ಅಂತ ಬರೆದಿದ್ದೆ.

ಅಕ್ಟೋಬರ್ 13, ಸೋಮವಾರ

ಕೊನೆಯ ಎಣಿಕೆ. ಒಂದು: ಹನ್ನೊಂದು ಸಾವು. ಎರಡು: ಒಂದು. ಮೂರು: ಐದು. ನಾಲ್ಕು: ಹದಿಮೂರು.

ಬೆಳಿಗ್ಗೆ ಹನ್ನೊಂದು ಗಂಟೆಗೆ ರಿಜಿಸ್ಟರಿನ ಪುಟ 31ರಲ್ಲಿ ಬರೆದೆ. ಅಕ್ಟೋಬರ್ 1ರಂದು ಕಿಲುಬು ಹಿಡಿದ ತಾಮ್ರದ ಪಾತ್ರೆಯಲ್ಲಿ ಮೂರು ದಿನ ಇದ್ದ ಸುಮಾರು ಒಂದು ಲೀಟರ್ ನೀರನ್ನು ಒಂದನೇ ತೊಟ್ಟಿಗೆ ಸುರಿಯಲಾಯಿತು.

ಸುರಿಯಲಾಯಿತು. ಎಷ್ಟು ಒಳ್ಳೆಯ ಮಾತು. ಯಾರೂ ಸುರಿಯದಿದ್ದರೂ ಅದು ತಾನೇ ಹೋಗಿ ಬೀಳುತ್ತದೆ. ಆ ಪದದ ಮೇಲೆ ಒಂದು ಗೆರೆ ಎಳೆದು "ನಾನು ಸುರಿದೆ" ಅಂತ ಬರೆದು, ಸಹಿ ಹಾಕಿ, ತಾರೀಖು ಹಾಕಿದೆ. ಸಹಿ ಯಾರದೋ ಸಹಿಯಂತೆ ಬಂತು.

ಮಧ್ಯಾಹ್ನ ಸರ್ ಊಟಕ್ಕೆ ಹೋಗಿದ್ದರು. ಅವರ ಮೇಜಿನ ಮೇಲೆ ತೆರೆದಿಟ್ಟು ಬಂದೆ.

ಅಕ್ಟೋಬರ್ 14, ಮಂಗಳವಾರ

ಸರ್ ಕೂಗಾಡಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಪುಟ 31ರ ಮೇಲಿನ ಸೀಲನ್ನು ಬೆರಳಿನಿಂದ ಸವರಿದರು, ಹರಿಯಲಾಗದು ಎಂದು ಖಾತ್ರಿ ಮಾಡಿಕೊಂಡವರಂತೆ.

"ನಿನ್ನ ಕಾಲ ಮ್ಯಾಲ ನೀನs ಕಲ್ಲು ಹಾಕ್ಕೊಂಡಿ."

"ಹೌದು ಸರ್."

"ಇನ್ನ ಮೊದಲಿಂದ ಆಗಬೇಕು. ನನಗ ಬ್ಯಾರೆ ದಾರಿ ಉಳಿಸಿಲ್ಲ ನೀ. ಮರಿ ನಾಳೆ ಹಾಕಸ್ತೀನಿ. ಪ್ರಯೋಗ ಮುಗದ್ ಮ್ಯಾಲ ಮಾರ್ಕ್ಸ್ ಕಾರ್ಡ್. ಮಾತು ಮಾತೇ." ಬೀಗದಕೈ ಜೇಬಿಗೆ ಹಾಕಿಕೊಂಡರು. "ಹದಿನೇಳಕ್ಕ ಹ್ವಾದ್ರ ಹೋಗು, ಝೆರಾಕ್ಸ್ ತಗೊಂಡು."

ಝೆರಾಕ್ಸಿಗೆ ಅಲ್ಲಿ ಬೆಲೆಯಿಲ್ಲ ಎಂದು ಇಬ್ಬರಿಗೂ ಗೊತ್ತು. ಒಂದು ದಿನದ ಮಟ್ಟಿಗಾದರೂ ಕೊಡಿ ಅಂತ ಕೇಳಿದೆ. ಎರಡು ಸಲ ಕೇಳಿದೆ. ಕಣ್ಣಲ್ಲಿ ನೀರು ಬಂತು, ನಾಚಿಕೆಯಾಗಲಿಲ್ಲ. ಅವರು ಫೋನ್ ತೆಗೆದುಕೊಂಡು ಯಾರಿಗೋ ಮಾತಾಡಲು ಶುರು ಮಾಡಿದರು.

ಹೊರಗೆ ರೇಣುಕಮ್ಮ. ಎಲ್ಲ ಕೇಳಿಸಿಕೊಂಡಿದ್ದಳು. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ನಾನು ನನ್ನ ಸುಳ್ಳನ್ನೂ ಹೇಳಿದೆ, ಸರ್ ಮುಂದೆ ತಲೆ ಅಲ್ಲಾಡಿಸಿದ್ದನ್ನೂ. ಹೊಡೆದರೂ ಹೊಡೆಯಲಿ ಅಂದುಕೊಂಡಿದ್ದೆ.

ಸಿಟ್ಟು ಬಂತು ಅವಳಿಗೆ, ಆದರೆ ನಾನೆಣಿಸಿದ್ದಕ್ಕಲ್ಲ.

"ನನ್ನ ಹೆಸರs ಬರೀಬೇಕಿತ್ತಲ್ರೀ! ರೇಣುಕಮ್ಮ ಚೆಲ್ಯಾಳ ಅಂತ ಬರದಿದ್ರೂ ತೊಟ್ಟಿ ಕತಿ ಅದs ಇರ್ತಿತ್ತು. ನನಗೇನು ಮಾರ್ಕ್ಸ್ ಕಾರ್ಡ್ ಅದಾವೇನ್ರಿ, ಯಾರರ ಬೀರುದಾಗ ಇಟ್ಕೊಳ್ಳಾಕ? ಬ್ಯಾರೆ ಕಡೆ ಕಸ ಹೊಡದು ಬದುಕ್ತಿದ್ದೆ. ನಿಮ್ಮ ನೌಕ್ರಿ ಹೋತಲ್ರೀ ತಾಯಿ."

ಆಮೇಲೆ ಸೆರಗಿನಿಂದ ನನ್ನ ಮೂಗು ಒರೆಸಿದಳು. ಅವಳ ಸೆರಗಿಗೆ ಫಿನಾಯಿಲ್ ವಾಸನೆ. "ಸುಳ್ಳು ಹೇಳಿದ್ದು ಭಾಳ ತಪ್ಪಾತ್ರಿ" ಅಂದಳು. "ಆದ್ರ ಉಂಡ್ರ್ಯಾ ಇಲ್ಲ ಇವತ್ತು?"

ಈ ಡೈರಿಯನ್ನು ಹಿಂದಕ್ಕೆ ತಿರುಗಿಸಿದೆ. ಅಕ್ಟೋಬರ್ 3ರ ಪುಟದಲ್ಲಿ "ರೇಣುಕಮ್ಮನ ಕೆಲಸ" ಅಂತಿದೆ. ಹರಿದು ಹಾಕಬಹುದಿತ್ತು, ಇದಕ್ಕೆ ಸೀಲಿಲ್ಲ. ಒಂದೇ ಗೆರೆ ಎಳೆದೆ. ಪಕ್ಕದಲ್ಲಿ "ನನ್ನ ಕೆಲಸ" ಅಂತ ಬರೆದೆ. ಸಹಿ, ತಾರೀಖು. ಅದರ ಮುಂದಿನ, ಓದು ಬರಹದ ಆ ಸಾಲಿಗೂ ಒಂದು ಗೆರೆ.

ಅಕ್ಟೋಬರ್ 17, ಶುಕ್ರವಾರ

ಹೊಸ ಮರಿಗಳು ನಿನ್ನೆ ಬೆಳಗಿನ ಬಸ್ಸಿಗೆ ಬಂದವು. ಬಸ್‌ಸ್ಟ್ಯಾಂಡಿನಲ್ಲಿ ನಾನೂ ರೇಣುಕಮ್ಮನೂ ಚೀಲ ಇಳಿಸಿಕೊಂಡೆವು. ತೊಳೆದ ತೊಟ್ಟಿಗಳಲ್ಲೇ ಒಂದು ವಾರ ನೀರಿಗೆ ಒಗ್ಗಬೇಕು, ಆಮೇಲೆ ಇಪ್ಪತ್ತೆಂಟು ದಿನ. ಸರ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅಪ್ಪನೂ. ಹಳೆಯ ರಿಜಿಸ್ಟರಿನ ಪ್ರತಿ ಸಂಘಕ್ಕೂ ಗಣಿ ಕಂಪನಿಗೂ ಹೋಗಿದೆಯಂತೆ. ಪುಟ 31ನ್ನು ಓದಿಸಿಕೊಂಡ ಮೇಲೆ ದುರುಗಣ್ಣ ನೀರಿನ ಕ್ಯಾನು ತುಂಬಿಸಿ ಕಳಿಸಿದ್ದಾನೆ, ಅಷ್ಟೆ.

ಬೆಳಿಗ್ಗೆ ಅಮ್ಮ ತಂಬಿಗೆ ತಂದು ತೋರಿಸಿದಳು. ಒಳಗೆ ಕಡ್ಡಿಗೆ ಬಟ್ಟೆ ಸುತ್ತಿ ಉಜ್ಜಿದ್ದಾಳೆ, ಚೂರೂ ಹಸಿರಿಲ್ಲ. "ಈಗರ ಹಾಕಬಹುದೇನs?" ಅಂತ ಕೇಳಿದಳು. ಬೇಡಮ್ಮ, ತುಳಸಿಗೆ ಹಾಕು ಅಂದೆ. ಮುಂಬಾಗಿಲಿನಲ್ಲಿ ನಿಂತು ನನ್ನನ್ನು ಕಳಿಸಿದಳು.

ಪೆಟ್ಟಿಗೆಯಲ್ಲಿ ಗ್ಲೌಸ್ ಮುಗಿದಿತ್ತು. ಕೈ ಚೆನ್ನಾಗಿ ತೊಳೆದುಕೊಂಡು ಬರಿಗೈಯಲ್ಲೇ ಮರಿಗಳನ್ನು ತೊಟ್ಟಿಗೆ ಬಿಟ್ಟೆ. ಅಂಗೈಯಲ್ಲಿ ಕಚಗುಳಿ ಇಡುತ್ತವೆ. ಇಷ್ಟು ದಿನ ಗೊತ್ತಿರಲಿಲ್ಲ.

ಹತ್ತು ಗಂಟೆಗೆ ಗೋಡೆಯ ಗಡಿಯಾರ ನೋಡಿದೆ. ಬಳ್ಳಾರಿಯಲ್ಲಿ ಈಗ ನನ್ನ ಹೆಸರು ಕೂಗುತ್ತಿರಬೇಕು. ಎರಡನೇ ಸಲವೂ ಕೂಗಿರಬೇಕು. ಸ್ಟೂಲಿನ ಮೇಲೆ ಕೂತೆ. ಅಲ್ಲಿ ಮುಂದಿನವರನ್ನು ಕರೆಯುವಷ್ಟು ಹೊತ್ತು ಕಾದೆ.

ಆಮೇಲೆ ಒಂದನೇ ತೊಟ್ಟಿಗೆ ಬಗ್ಗಿ ಎಣಿಸಿದೆ.

ಇಪ್ಪತ್ತು.